ವಾಲಿದ ಟವರ್

ಹಾರೋಹಳ್ಳಿ ದಾಟಿ ಕನಕಪುರದ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುವ ಹುಣಸೇದೊಡ್ಡಿಯಲ್ಲಿ ಅನಂತರಾಜುವಿನಷ್ಟು ವಿಜ್ಞಾನ ತಿಳಿದವನು ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ. ಒಂದು ಸಲ ಗ್ರಾಮ ಪಂಚಾಯಿತಿ ಮೆಂಬರಾಗಿದ್ದವನು. ಮುಂದಿನ ಸಲ ನಿಂತು ಸೋತ ಮೇಲೂ ಊರಿನವರು ಅಭ್ಯಾಸಬಲದಿಂದ 'ಮೆಂಬ್ರೇ' ಅನ್ನುವುದನ್ನು ಬಿಟ್ಟಿರಲಿಲ್ಲ, ಅವನೂ ತಿದ್ದಿರಲಿಲ್ಲ. ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ, ಕರೆಯುವ ಹಸು ಇವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಲತಾಮಣಿ. ಅನಂತರಾಜು ಊರನ್ನು ನೋಡಿಕೊಳ್ಳುತ್ತಿದ್ದ.

ಅವನಿಗೆ ವಿಜ್ಞಾನ ಬಂದದ್ದು ತಡವಾಗಿ, ಬಂದದ್ದು ಮಾತ್ರ ಒಂದೇ ವಾರದಲ್ಲಿ. ಮೊಬೈಲ್ ಟವರ್ ಕಂಪನಿಯವರು ಜಾಗ ಹುಡುಕಿಕೊಂಡು ಬಂದು ಮೊದಲು ಇವನ ಹೊಲ ನೋಡಿದ್ದರು. 'ನಮ್ಮ ಹೊಲದಾಗೇ ಟವರ್ರು' ಎಂದು ಅವನು ಊರಿಗೆಲ್ಲ ಹೇಳಿಯೂ ಆಗಿತ್ತು. ಆಮೇಲೆ ಕಂಪನಿಯವರು ಪಕ್ಕದ ಹೊಲ ಆರಿಸಿಕೊಂಡರು. ಅದು ಅವನ ತಮ್ಮ ಅಶ್ವಥ್‌ನದು. ಅಶ್ವಥ್ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ, ಹೆಚ್ಚು ಮಾತಾಡದ ಮನುಷ್ಯ. ಕಂಪನಿಯವರು ಕಾರಣ ಹೇಳಿದ್ದು ಇಷ್ಟೇ: ನಿಮ್ಮದು ತಗ್ಗಿನಲ್ಲಿದೆ ಸಾರ್, ನಿಮ್ಮ ತಮ್ಮನದು ಎತ್ತರದಲ್ಲಿದೆ. ಅದು ಜಮೀನಿನ ಬಗ್ಗೆ ಹೇಳಿದ ಮಾತು ಎಂದು ಅನಂತರಾಜುವಿಗೆ ಅನ್ನಿಸಲಿಲ್ಲ.

ಆ ವಾರದಿಂದಲೇ ಅವನಿಗೆ ರೇಡಿಯೇಷನ್ನಿನ ವಿಷಯ ತಿಳಿಯತೊಡಗಿತು. ಬೆಳಿಗ್ಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಪಾಠ ಶುರುವಾಯಿತು.

"ರೇಡಿಯೇಸನ್ ಅಂದ್ರೆ ಏನಂದ್ಕಂಡಿದ್ದೀರಾ? ಕಣ್ಗೆ ಕಾಣಾಕಿಲ್ಲ, ಮೂಗ್ಗೆ ವಾಸ್ನೆ ಬರಾಕಿಲ್ಲ. ಒಂದ್ಸಲ ಮೈಯೊಳಕ್ಕೆ ಒಂಟೋಯ್ತು ಅಂದ್ರೆ ಮುಗೀತು, ಏಳ್ ತಲೆಮಾರಾದ್ರೂ ಆಚೀಗ್ ಬರಾಕಿಲ್ಲ. ಅಂತೋನ್ ಪಕ್ಕ ಕುಂತೋರ್ಗೂ ಅಂಟ್ಕತದೆ!"

"ಡಾಕ್ಟ್ರುಗಳು ಏನೂ ಆಗಕಿಲ್ಲ ಅಂತಾರಲ್ಲ ಮೆಂಬ್ರೇ?" ಯಾರೋ ಕೇಳಿದರು.

"ಅವ್ರೆಲ್ಲ ಕಂಪ್ನಿಯೋರ ಕಡೆ ಕಣ್ಲಾ!"

ಡೇರಿ ಸೆಕ್ರೆಟರಿ ರಾಮಲಿಂಗಯ್ಯ ಹಾಲಿನ ಅಳತೆ ನಿಲ್ಲಿಸಿ ತಲೆದೂಗುತ್ತಿದ್ದ. ಟವರ್ ಎದ್ದು ನಿಂತ ಮೇಲೆ, ಆ ವರ್ಷ ಹುಳ ಸತ್ತದ್ದು, ಗುಬ್ಬಿ ಕಾಣದ್ದು, ತೆಂಗಿನಕಾಯಿ ಸಣ್ಣಗಾದದ್ದು, ಕೊನೆಗೆ ಒಬ್ಬರ ಮನೆಯ ಸೊಸೆ ತವರಿಗೆ ಹೋಗಿ ಕೂತದ್ದು, ಎಲ್ಲಕ್ಕೂ ಕಾರಣ ಟವರ್ ಎಂದು ತೀರ್ಮಾನವಾಯಿತು. ಈ ತೀರ್ಮಾನದ ವಿಡಿಯೋಗಳನ್ನು ಅನಂತರಾಜು ಊರಿನ ಗ್ರೂಪಿಗೆ ಕಳಿಸುತ್ತಿದ್ದ. ಮೊದಲೆಲ್ಲ ಅರ್ಧ ಗಂಟೆ ಸುತ್ತುತ್ತಿದ್ದ ವಿಡಿಯೋ ಈಗ ತಕ್ಷಣ ಹೋಗುತ್ತಿತ್ತು, ಹೊಸ ಟವರಿನ ದಯೆಯಿಂದ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಅನಂತರಾಜುವಿನ ಜೊತೆಗಿದ್ದ ತಾಯಿ ಶಿವಲಿಂಗಮ್ಮ ಕಿರಿಮಗನ ಮನೆಗೆ ಸೊಪ್ಪು ತರುವ ನೆಪದಲ್ಲಿ ಹೋಗಿಬರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅನಂತರಾಜು ಮನೆಯ ಬಾಗಿಲ ಚೌಕಟ್ಟಿಗೆ ಕೆನ್ನೆ ಆನಿಸಿ, ಎಡಗಣ್ಣು ಮುಚ್ಚಿ, ಗಾರೆಯವರು ಗೋಡೆ ನೋಡುವ ಹಾಗೆ ಬಲಗಣ್ಣಿನಿಂದ ಟವರನ್ನು ನೋಡಿದ. ಟವರ್ ನಡುವಲ್ಲಿ ಬಾಗಿತ್ತು. ಇನ್ನೊಮ್ಮೆ ನೋಡಿದ. ನಡುಮುರಿದ ಮುದುಕಿಯ ಹಾಗೆ ಅವನ ಹೊಲದ ಕಡೆಗೇ ಬಾಗಿತ್ತು.

ಅಂಥ ಸಂತೋಷ ಅವನಿಗೆ ಪಂಚಾಯಿತಿಗೆ ಗೆದ್ದ ದಿನವೂ ಆಗಿರಲಿಲ್ಲ. ಕನಕಪುರದ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟ. 'ಯಾವ ಗಳಿಗೆಯಲ್ಲಾದರೂ ಬೀಳಬಹುದು' ಎಂದು ಊರೆಲ್ಲ ಸಾರಿದ. ಬಾಗಿದ್ದು ತಮಗೆ ಕಾಣುತ್ತಿಲ್ಲ ಎಂದವರಿಗೆ 'ನೋಡೋ ಕಣ್ ಬೇಕು ಕಣ್ರಲಾ' ಅಂದ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ರಾಮಲಿಂಗಯ್ಯನಿಗೂ ಟವರ್ ಬಾಗಿದ್ದು ಕಂಡಿತು. ಅವನನ್ನು ನೋಡಿ ಇನ್ನೂ ಕೆಲವರಿಗೆ ಕಂಡಿತು.

ಕೊನೆಗೆ ಕಂಪನಿಯ ಎಂಜಿನಿಯರ್ ಬಂದ. ಹೆಸರು ಸಮದ್. ಊರಿನ ಅರ್ಧ ಜನ ಹೊಲದ ಬದುವಿನ ಮೇಲೆ ನಿಂತಿದ್ದರು. ಸಮದ್ ಮೂರು ಕಾಲಿನ ಯಂತ್ರ ನಿಲ್ಲಿಸಿ ಅಳೆದ, ಟವರನ್ನು ಸುತ್ತಿ ಬಂದು ಇನ್ನೊಮ್ಮೆ ಅಳೆದ.

"ನೆಟ್ಟಗಿದೆ ಸಾರ್."

"ಏನ್ ನೆಟ್ಟಗೈತೆ? ಇಂಗ್ ಬನ್ನಿ, ನಾನ್ ನೋಡ್ದಂಗೆ ನೋಡಿ."

ಸಮದ್ ಬಂದು ಅವನ ಪಕ್ಕ ನಿಂತು ಎಡಗಣ್ಣು ಮುಚ್ಚಿ ನೋಡಿದ. ಆಮೇಲೆ ಅನಂತರಾಜುವನ್ನೇ ನೋಡಿದ. "ಸಾರ್, ಈಗ ಎಡಗಣ್ಣು ಬಿಟ್ಟು ಬಲಗಣ್ಣು ಮುಚ್ಚಿ ನೋಡಿ."

ನೋಡಿದ. ಟವರ್ ನೆಟ್ಟಗೆ ನಿಂತಿತ್ತು. ಎಡಗಣ್ಣು ಮುಚ್ಚಿದ, ಬಾಗಿತು. ಬಿಟ್ಟ, ನೆಟ್ಟಗಾಯಿತು.

"ಆಚೆ ಲೈಟ್ ಕಂಬ ನೋಡಿ ಸಾರ್."

ಲೈಟ್ ಕಂಬವೂ ಬಾಗಿತ್ತು. ಅದರಾಚೆಯ ತೆಂಗಿನಮರವೂ.

"ಟವರಿಗೆ ಏನೂ ಆಗಿಲ್ಲ ಸಾರ್," ಎಂದು ಸಮದ್ ತಗ್ಗಿದ ದನಿಯಲ್ಲೇ ಹೇಳಿದ, ಆದರೂ ಎಲ್ಲರಿಗೂ ಕೇಳಿಸಿತು. "ನಿಮ್ಮ ಕಣ್ಣು ಒಂದ್ಸಲ ತೋರಿಸಿ."

ಬದುವಿನ ಮೇಲೆ ಎದ್ದ ನಗೆ ಬಹಳ ಹೊತ್ತಾದರೂ ನಿಲ್ಲಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ರಾಮಲಿಂಗಯ್ಯ. ಅಶ್ವಥ್ ಮಾತ್ರ ನಗದೆ ಶಿಫ್ಟಿಗೆ ಹೊರಟ. ಅದು ಅನಂತರಾಜುವಿಗೆ ನಗುವುದಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು.

ಕಣ್ಣು ತೋರಿಸಲು ಅವನು ಒಪ್ಪಿದ್ದು ಲತಾಮಣಿ ಬೆದರಿಸಿದ ಮೇಲೆ. "ನಾಳೆ ಲೋಟದ ಪಕ್ಕಕ್ಕೆ ಕಾಪಿ ಬಗ್ಗಿಸ್ಕಂಡು, ಲೋಟ ವಾಲೈತೆ ಅಂತ ನನ್ ಮ್ಯಾಲೆ ಅರ್ಜಿ ಕೊಡ್ತೀರಾ. ನಡೀರಿ." ಕನಕಪುರದ ಕಣ್ಣಿನ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, ಇದು ಇಲ್ಲಿ ಆಗುವುದಲ್ಲ ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಕಣ್ಣಿನ ಪರದೆಯ ಕಾಯಿಲೆ ನೋಡುವವರು ಡಾಕ್ಟರ್ ಅತಿಯಾ. ಕಂಪ್ಯೂಟರಿನಲ್ಲಿ ಅನಂತರಾಜುವಿನ ಕಣ್ಣಿನ ಒಳಗಿನ ಚಿತ್ರ ತೋರಿಸಿದರು. ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಒಂದು ಕೆಂಪು ಉಂಡೆ. ಅದಕ್ಕೆ ಎರಡು ದಪ್ಪ ನರಗಳು ಡೊಂಕಾಗಿ ಬಂದು ಸೇರಿದ್ದವು.

"ಇದು ರಕ್ತನಾಳಗಳ ಗಂಟು. ಗಡ್ಡೆ ಅಂತಲೇ ಅನ್ನಬಹುದು, ಆದರೆ ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹರಡಲ್ಲ. ಇದರ ಕೆಟ್ಟ ಗುಣ ಏನು ಅಂದರೆ, ಸೋರುತ್ತೆ. ಸೋರಿದ ನೀರು ಪರದೆ ಕೆಳಗೆ ಸೇರಿಕೊಂಡು ಪರದೆ ಉಬ್ಬಿದೆ. ಅದಕ್ಕೇ ನಿಮಗೆ ನೆಟ್ಟಗಿರೋದೆಲ್ಲ ಡೊಂಕಾಗಿ ಕಾಣ್ತಿರೋದು."

"ಇವ್ರಿಗೆ ಮೊದ್ಲಿಂದ್ಲೂ ಅಂಗೇ ಕಾಣ್ತಿತ್ತು ಮೇಡಂ," ಅಂದಳು ಲತಾಮಣಿ.

"ಸಣ್ಣದಿದ್ದಿದ್ದರೆ ಲೇಸರಿನಲ್ಲಿ ಸುಡಬಹುದಿತ್ತು. ನಿಮ್ಮದು ದೊಡ್ಡದಾಗಿದೆ. ಇದಕ್ಕೆ ರೇಡಿಯೇಷನ್ ಕೊಡೋದು ಒಳ್ಳೇದು."

ಅನಂತರಾಜು ಕುರ್ಚಿಯಿಂದ ಎದ್ದು ನಿಂತ. ಹುಣಸೇದೊಡ್ಡಿಯ ಡೇರಿ ಮುಂದೆ ಮಾಡಿದ ಅಷ್ಟೂ ಭಾಷಣ ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. "ಮೇಡಂ, ರೇಡಿಯೇಸನ್ ಬುಟ್ಟು ಬೇರೆ ಏನಾರಾ?"

ಅತಿಯಾ ಬಿಡಿಸಿ ಹೇಳಿದರು. ಅಂಗಿ ಗುಂಡಿಯಷ್ಟು ದೊಡ್ಡ ಲೋಹದ ಬಿಲ್ಲೆ. ಅದರ ಒಂದು ಮಗ್ಗುಲಲ್ಲಿ ವಿಕಿರಣದ ವಸ್ತು. ಅದನ್ನು ಕಣ್ಣುಗುಡ್ಡೆಯ ಹೊರಮೈಗೆ, ಗಂಟು ಇರುವ ಜಾಗಕ್ಕೆ ಸರಿಯಾಗಿ ಹೊಲಿದು ಕೆಲವು ದಿನ ಬಿಡುವುದು, ಆಮೇಲೆ ಬಿಚ್ಚಿ ತೆಗೆಯುವುದು. ಬಿಲ್ಲೆ ತೆಗೆದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಡ್ಡ ಪರಿಣಾಮ ಇಲ್ಲವೆಂದಲ್ಲ. ಮುಂದೆ ಪೊರೆ ಬರಬಹುದು, ಪರದೆಗೆ ಒಂದಿಷ್ಟು ಪೆಟ್ಟಾಗಬಹುದು. ಆದರೆ ಸುಮ್ಮನೆ ಬಿಟ್ಟರೆ ಕಣ್ಣೇ ಹೋಗುವ ಸಂಭವ ಹೆಚ್ಚು.

"ಮೊಬೈಲ್ ಟವರಿಂದೂ ಇದೂ ಒಂದೇನಾ ಮೇಡಂ?"

"ಅಲ್ಲ. ಬಿಸಿಲಿಗೆ ಕೂತು ಸುಟ್ಟುಹೋದೆ ಅನ್ನೋದಕ್ಕೂ ಒಲೆಗೆ ಕೈ ಇಡೋದಕ್ಕೂ ವ್ಯತ್ಯಾಸ ಇಲ್ವಾ? ಅದಕ್ಕಿಂತಲೂ ಹೆಚ್ಚು ವ್ಯತ್ಯಾಸ."

"ನಾನು ಇದ್ರ ಬಗ್ಗೆ ಒಸಿ ಸ್ಟಡಿ ಮಾಡಿವ್ನಿ ಮೇಡಂ..." ಎಂದು ಅನಂತರಾಜು ಶುರು ಮಾಡಿದ. ಅತಿಯಾ ತಾಳ್ಮೆಯಿಂದ ಕೇಳಿಸಿಕೊಂಡರು. ಗುಬ್ಬಿ, ತೆಂಗಿನಕಾಯಿ, ತವರಿಗೆ ಹೋದ ಸೊಸೆ ಎಲ್ಲ ಬಂದು ಹೋದ ಮೇಲೆ ಕೇಳಿದರು:

"ನಿಮ್ಮ ಮನೇಲಿ ಬೇರೆ ಯಾರಿಗಾದರೂ ಕಣ್ಣು ಹೋಗಿತ್ತಾ? ಈ ಗಂಟು ಕೆಲವರಲ್ಲಿ ರಕ್ತಸಂಬಂಧದಲ್ಲಿ ಬರುತ್ತೆ. ತಲೆ, ಕಿಡ್ನಿಯಲ್ಲೂ ಇರಬಹುದು. ನಿಮಗೆ ಸ್ಕ್ಯಾನ್ ಮಾಡಿಸೋಣ. ಮಕ್ಕಳು, ಅಣ್ಣ ತಮ್ಮಂದಿರು ಇದ್ದರೆ ಅವರ ಕಣ್ಣನ್ನೂ ನೋಡಬೇಕು."

"ಮಕ್ಳಿಲ್ಲ ಮೇಡಂ. ತಮ್ಮನೂ ಇಲ್ಲ."

"ಅವ್ನೆ ಮೇಡಂ," ಅಂದಳು ಲತಾಮಣಿ. "ಅವ್ನಿಗೊಬ್ಳು ಮಗ್ಳೂ ಅವ್ಳೆ."

ಸ್ಕ್ಯಾನಿನಲ್ಲಿ ಬೇರೆಲ್ಲೂ ಏನೂ ಕಾಣಲಿಲ್ಲ. ಊರಿಗೆ ಬಂದ ಅನಂತರಾಜು ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳಿಕೊಂಡ. ಪೊರೆ ಮರ್ಯಾದಸ್ಥರ ಕಾಯಿಲೆ. ಅವನು ಆಸ್ಪತ್ರೆಯ ದಿಕ್ಕಿಗೂ ಹೋಗದೆ ಮಾಗಡಿ ಕಡೆಯ ಒಬ್ಬ ನಾಟಿ ವೈದ್ಯನ ಹತ್ತಿರ ಹೋದ. ವೈದ್ಯ ಕೊಟ್ಟ ಹಸಿರು ರಸ ಬಿಟ್ಟ ದಿನ ಅವನು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಹರಿದುಕೊಂಡಿತು. 'ಉರಿದಷ್ಟೂ ಒಳ್ಳೇದು' ಎಂದು ವೈದ್ಯ ಹೇಳಿದ್ದರಿಂದ ಅವನು ಇನ್ನೂ ಕೆಲವು ವಾರ ಉರಿಸಿಕೊಂಡ. ಗಂಟು ತನ್ನ ಪಾಡಿಗೆ ಸೋರುತ್ತಿತ್ತು. ಬಲಗಣ್ಣಿನಲ್ಲಿ ಮೊದಲು ಲತಾಮಣಿಯ ಮುಖದ ನಡುಭಾಗ ಹೋಯಿತು, ಕಿವಿ ಕೂದಲು ಮಾತ್ರ ಉಳಿದವು. ಆಮೇಲೆ ಒಂದು ಕಡೆಯಿಂದ ಕಪ್ಪು ಪರದೆ ಮೇಲೇರಿ ಬರತೊಡಗಿತು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಹಿತ್ತಲಲ್ಲಿ ಒಬ್ಬನೇ ನಿಂತು ಒಂದು ಕಣ್ಣು, ಇನ್ನೊಂದು ಕಣ್ಣು ಮುಚ್ಚಿ ಮುಚ್ಚಿ ನೋಡುತ್ತಿದ್ದವನನ್ನು ಲತಾಮಣಿ ಕಂಡಳು. ಅವಳು ಆವತ್ತು ಚುಚ್ಚಿ ಮಾತಾಡಲಿಲ್ಲ. ಬಟ್ಟೆ ಬ್ಯಾಗಿಗೆ ತುಂಬಿದಳು.

ಊರಿಗೆ 'ತಿರುಪತಿಗೆ ಓಯ್ತಾ ಇವ್ನಿ' ಎಂದು ಹೇಳಿ ಹೊರಟರು. ಊರಿನಲ್ಲಿ ಬಾಡಿಗೆಗೆ ಕಾರು ಓಡಿಸುವ ಹಬೀಬನನ್ನು ಗೊತ್ತು ಮಾಡಿದ್ದರು. ಆಸ್ಪತ್ರೆ ಮುಂದೆ ಇಳಿಸುವಾಗ ಹಬೀಬ್ ಏನೂ ಕೇಳಲಿಲ್ಲ. ಅದೇ ತಪ್ಪಾದದ್ದು. ಕೇಳದವನು ಹೇಳುತ್ತಾನೆ.

ಬಿಲ್ಲೆ ಹೊಲಿದರು. ಸೀಸದ ತಗಡಿದ್ದ ಪಟ್ಟಿ ಕಣ್ಣಿಗೆ ಕಟ್ಟಿ ಅವನನ್ನು ಒಂಟಿ ಕೋಣೆಯಲ್ಲಿಟ್ಟರು. ಮಕ್ಕಳು, ಬಸುರಿಯರು ಬರಬಾರದು, ಬಂದವರು ದೂರ ಕೂರಬೇಕು, ಬೇಗ ಹೊರಡಬೇಕು ಎಂದು ಬಾಗಿಲಲ್ಲಿ ಬರೆದಿತ್ತು. ಲತಾಮಣಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು.

"ನನ್ನಿಂದ ನಿಂಗೇನಾರಾ ಆದೀತು ಕಣೇ, ಇನ್ನೊಸಿ ದೂರ ಕುತ್ಕೊ," ಅಂದ ಅನಂತರಾಜು.

"ಇಷ್ಟ್ ವರ್ಸ ಪಕ್ಕದಾಗೇ ಇದ್ದು ಆಗ್ಬೇಕಾದ್ದೆಲ್ಲ ಆಗೈತೆ," ಅಂದಳು ಅವಳು. ಆದರೂ ನರ್ಸ್ ಹೇಳಿದ ಗೆರೆ ದಾಟದೆ ಕೂತಿದ್ದಳು.

ಬಿಲ್ಲೆ ಬಿಚ್ಚಿದ ದಿನ ನರ್ಸ್ ಒಂದು ಸಣ್ಣ ಯಂತ್ರವನ್ನು ಅವನ ಮುಖದ ಸುತ್ತ ಹಿಡಿದು ನೋಡಿದಳು. "ಏನೂ ಇಲ್ಲ ಅಂಕಲ್, ನೀವೀಗ ಎಲ್ಲರ ಥರಾನೇ." ಅನಂತರಾಜುವಿಗೆ ಈ ಮಾತು ಸಮಾಧಾನ ತಂದಿತು. ಮೊದಲೆಲ್ಲ ಅವನನ್ನು ಯಾರಾದರೂ ಎಲ್ಲರ ಥರ ಅಂದರೆ ಜಗಳಕ್ಕೆ ನಿಲ್ಲುತ್ತಿದ್ದ.

ಊರಿಗೆ ಬಂದ. ತಿರುಪತಿಗೆ ಹೋದವನ ತಲೆಯಲ್ಲಿ ಕೂದಲು ಹಾಗೇ ಇತ್ತು, ಕಣ್ಣಿಗೆ ಪಟ್ಟಿ ಇತ್ತು, ಕೈಯಲ್ಲಿ ಲಾಡು ಇರಲಿಲ್ಲ. ಹಬೀಬನಿಂದ ಊರಿಗೆ ಎಲ್ಲ ತಿಳಿದಿತ್ತು. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋದರೆ ಸಾಲಿನಲ್ಲಿದ್ದವರು ಹಿಂದೆ ಹಿಂದೆ ಸರಿದು ಅವನಿಗೆ ಮೊದಲ ಜಾಗ ಬಿಟ್ಟುಕೊಟ್ಟರು. ಗೌರವವೆಂದು ತಿಳಿದು ಅವನು ಮುಂದೆ ಹೋದ.

"ಕ್ಯಾನ್ ಅಲ್ಲೇ ಇಕ್ಕು ಮೆಂಬ್ರೇ, ಅಲ್ಲೇ," ಅಂದ ರಾಮಲಿಂಗಯ್ಯ ಒಳಗಿನಿಂದ. "ಈ ಹಾಲು ತಗಳಕ್ಕಾಗಕಿಲ್ಲ."

"ಯಾಕ್ಲಾ?"

"ನಿನ್ ಕಣ್ಣಾಗೆ ರೇಡಿಯೇಸನ್ ಐತಂತೆ."

"ತೆಗ್ದುಬುಟ್ರು ಕಣ್ಲಾ! ಬಿಲ್ಲೆ ಇಕ್ಕಿದ್ರು, ತೆಗ್ದ್ರು. ಏನೂ ಉಳ್ದಿಲ್ಲ. ಮಿಸಿನ್ ಹಿಡ್ದು ನೋಡವ್ರೆ, ಡಾಕ್ಟ್ರೇ ಯೋಳವ್ರೆ!"

"ಡಾಕ್ಟ್ರುಗಳು ಯೋಳ್ತಾರೆ. ಒಂದ್ಸಲ ಮೈಯೊಳಕ್ಕೋದ್ರೆ ಏಳ್ ತಲೆಮಾರು ಬರಾಕಿಲ್ಲ ಅಂತ ನೀನೇ ಅಲ್ವಾ ಯೋಳಿದ್ದು? ಪಕ್ಕ ಕುಂತೋರ್ಗೂ ಅಂಟ್ಕತದೆ ಅಂತ? ನಾವು ನಿನ್ ಮಾತ್ ನಂಬಿರೋರಪ್ಪ."

ಅನಂತರಾಜು ಅವತ್ತು ಮಾಡಿದ ವಾದವನ್ನು ಡಾಕ್ಟರ್ ಅತಿಯಾ ಕೇಳಿದ್ದರೆ ಹೆಮ್ಮೆಪಡುತ್ತಿದ್ದರು. ಬಿಸಿಲು, ಒಲೆ, ಬಿಲ್ಲೆ ಎಲ್ಲವನ್ನೂ ಒಂದಕ್ಷರ ತಪ್ಪದೆ ಹೇಳಿದ. ಜನ ಅವನ ಹಳೆಯ ಭಾಷಣಕ್ಕೆ ತಲೆದೂಗಿದಂತೆ ಇದಕ್ಕೆ ತಲೆದೂಗಲಿಲ್ಲ. ಹೆದರಿಸಿದ ಮಾತು ಒಳಕ್ಕಿಳಿದಷ್ಟು ಸುಲಭವಾಗಿ ಧೈರ್ಯದ ಮಾತು ಇಳಿಯುವುದಿಲ್ಲ. ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಲೋಟ, ಅವನಿಗೆ ಕಾಗದದ ಲೋಟ. ಎದುರಿಗೆ ಬಂದ ಬಸುರಿ ಹೆಂಗಸು ಸೆರಗನ್ನು ಹೊಟ್ಟೆಗೆ ಅಡ್ಡ ಹಿಡಿದು ದಾಟಿದಳು. ಹೆತ್ತ ತಾಯಿ ಶಿವಲಿಂಗಮ್ಮನೂ ಸಂಕೋಚದಿಂದಲೇ ಹೇಳಿದಳು: "ಹುಳ ನಾಕ್ನೇ ಜ್ವರದಾಗವೆ ಕಣಪ್ಪ, ಪೊರೆ ಬಿಡೋ ಹೊತ್ತು, ಒಂದೆಲ್ಡ್ ವಾರ ಹುಳದ ಮನೆ ಕಡೀಕ್ ಬರ್ಬ್ಯಾಡ." ಲತಾಮಣಿ ಮಾತ್ರ ಆ ಹಾಲನ್ನೆಲ್ಲ ಹೆಪ್ಪು ಹಾಕಿ ಬೆಣ್ಣೆ ತೆಗೆದು ಹಾರೋಹಳ್ಳಿಯಲ್ಲಿ ಮಾರಿಬಂದಳು. ಊರಿನ ಕೆಲವರು ಅದೇ ಬೆಣ್ಣೆಯನ್ನು ಅಲ್ಲಿಂದ ಕೊಂಡುತಂದರು, ಬಹಳ ಚೆನ್ನಾಗಿದೆ ಅಂದರು.

ಕೆಲವು ತಿಂಗಳ ಮೇಲೆ ಮತ್ತೆ ಆಸ್ಪತ್ರೆಗೆ ಹೋದಾಗ ಗಂಟು ಬತ್ತಿತ್ತು. ಪರದೆ ಕೆಳಗಿನ ನೀರು ಇಳಿಯುತ್ತಿತ್ತು. ಕಪ್ಪು ಪರದೆ ಸರಿದಿತ್ತು, ಆದರೆ ನಡುಭಾಗದ ನೋಟ ಪೂರ್ತಿ ಬಂದಿರಲಿಲ್ಲ.

"ಮೊದಲೇ ಬಂದಿದ್ದರೆ ಇನ್ನಷ್ಟು ಉಳೀತಿತ್ತು," ಅಂದರು ಅತಿಯಾ. ಆಮೇಲೆ ಕೇಳಿದರು: "ನಿಮ್ಮ ತಮ್ಮನ ಮನೆಯವರು ಇನ್ನೂ ಬಂದಿಲ್ಲವಲ್ಲ?"

ಅನಂತರಾಜು ನೆಲ ನೋಡಿದ. ಲತಾಮಣಿ ಅವನನ್ನು ನೋಡಿದಳು. "ಮೇಡಂ, ಇವ್ರು ತಮ್ಮನ್ಗೆ ಇನ್ನೂ ಯೋಳೇ ಇಲ್ಲ. ಊರಿಗೆಲ್ಲ ಯೋಳೋರು."

ಆ ಸಂಜೆಯೇ ಅವನು ತಮ್ಮನ ಮನೆಗೆ ಹೋದ. ವರ್ಷದ ಮೇಲಾಗಿತ್ತು ಆ ಹೊಸಿಲು ತುಳಿದು. ಅಶ್ವಥ್ ಶಿಫ್ಟಿನಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಬಿ.ಕಾಂ. ಓದುವ ಮಗಳು ನವ್ಯಶ್ರೀ ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಅನಂತರಾಜು ನಿಂತೇ ಎಲ್ಲ ಹೇಳಿದ: ಗಂಟು ರಕ್ತಸಂಬಂಧದಲ್ಲಿ ಬರಬಹುದು, ಚಿಕ್ಕದಿದ್ದಾಗ ಗೊತ್ತಾಗುವುದಿಲ್ಲ, ಅಪ್ಪ ಮಗಳು ಇಬ್ಬರೂ ಕಣ್ಣು ತೋರಿಸಬೇಕು.

ಅಶ್ವಥ್ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. "ಇದು ಒಸ ಆಟವಾ ಅಣ್ಣ?"

"ಆಟ ಅಲ್ಲ ಕಣ್ಲಾ."

"ಮೊದ್ಲು ಟವರ್ನಿಂದ ಹುಳ ಸತ್ವು ಅಂದೆ. ಆಮ್ಯಾಲೆ ಟವರ್ ಬೀಳ್ತದೆ ಅಂದೆ. ಈಗ ನನ್ ಮಗ್ಳ ಕಣ್ಣಾಗೆ ಗಡ್ಡೆ ಐತೆ ಅಂತೀಯ. ನಾಳೀಕೆ ಡಾಕ್ಟ್ರ ಚೀಟಿ ಇಟ್ಕಂಡು, ನೋಡಿ ತಮ್ಮನ ಮಗ್ಳಿಗೇ ಟವರ್ನಿಂದ ಇಂಗಾಯ್ತು ಅಂತ ಕೇಸ್ ಆಕ್ತೀಯ."

"ದೇವ್ರಾಣೆ ಕಣೋ ಅಶ್ವಥ್..."

"ಕೆಂಗಲ್ ಆಂಜನೇಯನ್ ಮ್ಯಾಲೆ ಆಣೆ ಮಾಡಿ ಟವರ್ ವಾಲೈತೆ ಅಂದಿರ್ಲಿಲ್ವಾ ನೀನು?"

ಅಂದಿದ್ದ. ಜೀವಮಾನದಲ್ಲಿ ಒಂದು ಸಲ ಅನಂತರಾಜು ಪೂರ್ತಿ ನಿಜ ಹೇಳುತ್ತಿದ್ದ, ಆ ನಿಜಕ್ಕೆ ಅವನ ಬಾಯಿಯೇ ಅಡ್ಡ ಬಂದಿತ್ತು. ಅವನು ಜಗಲಿಯ ಕಂಬ ಹಿಡಿದು ನಿಂತ. ಒಳ್ಳೆಯ ಕಣ್ಣಿನಲ್ಲೂ ಕೆಟ್ಟ ಕಣ್ಣಿನಲ್ಲೂ ಒಂದೇ ಸಮ ನೀರು ಬಂತು.

ಸೊಪ್ಪಿನ ನೆಪದಲ್ಲಿ ಬಂದು ಅಡುಗೆಮನೆಯಲ್ಲಿ ಕೂತಿದ್ದ ಶಿವಲಿಂಗಮ್ಮ ಹೊರಗೆ ಬಂದಳು. "ನಿಮ್ಮಪ್ಪನ್ ಒಂದ್ ಕಣ್ ಕಾಣ್ತಿರ್ಲಿಲ್ಲ, ಗೊತ್ತಲ್ವಾ?"

"ಎಕ್ಕದ ಹಾಲು ಬಿದ್ದಿತ್ತು ಅಂತಿದ್ರಲ್ಲವ್ವ," ಅಂದ ಅಶ್ವಥ್.

"ಎಕ್ಕದ ಹಾಲೂ ಇಲ್ಲ, ಏನೂ ಇಲ್ಲ. ನನ್ ಮದ್ವೆ ಆದಾಗ ಸರ್ಯಾಗೇ ಕಾಣ್ತಿತ್ತು. ಆಮ್ಯಾಲೆ ಕಂಬ ಡೊಂಕು, ಬಾಗ್ಲು ಡೊಂಕು ಅಂತಿತ್ತು. ನಗಾಡ್ತಾರೆ ಅಂತ ಯಾರ್ಗೂ ಯೋಳ್ಬ್ಯಾಡ ಅಂತು. ಕಣ್ಣು ಓದ್ಮ್ಯಾಲೆ ಎಕ್ಕದ ಹಾಲಿನ್ ಕತೆ ಕಟ್ತು. ನಿಮ್ ಮನೆ ಗಂಡಸ್ರಿಗೆ ಕಣ್ಣು ಓದ್ರೂ ಮರ್ವಾದೆ ಓಗ್ಬಾರ್ದು."

ನವ್ಯಶ್ರೀ ಪುಸ್ತಕ ಮುಚ್ಚಿಟ್ಟಳು. "ದೊಡ್ಡಪ್ಪ, ಯಾವತ್ತು ಹೋಗ್ಬೇಕು? ನಾನ್ ಬರ್ತೀನಿ. ನಿಮ್ ಜಗಳ ಆಮೇಲೆ ಮಾಡ್ಕೊಳಿ."

ಲತಾಮಣಿ ಅವಳನ್ನು ಕರೆದುಕೊಂಡು ಹೋದಳು. ಹುಡುಗಿಯ ಎಡಗಣ್ಣಿನ ಪರದೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಕೆಂಪು ಚುಕ್ಕಿ ಸಿಕ್ಕಿತು. ಇನ್ನೂ ಸೋರಲು ಶುರುವಾಗಿರಲಿಲ್ಲ. ಅತಿಯಾ ಅದೇ ದಿನ ಲೇಸರಿನಲ್ಲಿ ಅದನ್ನು ಸುಟ್ಟರು. ಹುಡುಗಿ ಸಂಜೆಯ ಬಸ್ಸಿಗೆ ಮನೆಗೆ ಬಂದು, ಮಾರನೆಯ ದಿನ ಕಾಲೇಜಿಗೆ ಹೋದಳು. ಆಮೇಲೆ ಅಶ್ವಥ್‌ನೂ ಹೋಗಿ ತೋರಿಸಿದ. ಅವನ ಕಣ್ಣು ಸರಿಯಿತ್ತು, ಆದರೆ ಆ ವಂಶದ ದೋಷ ಅವನಲ್ಲೂ ಇದೆಯೆಂದು ರಕ್ತಪರೀಕ್ಷೆಯಲ್ಲಿ ತಿಳಿದು, ಅವನೂ ಮಗಳೂ ವರ್ಷವರ್ಷ ಕಣ್ಣು, ಹೊಟ್ಟೆ, ತಲೆ ಎಲ್ಲ ಪರೀಕ್ಷೆ ಮಾಡಿಸಲೇಬೇಕೆಂದು ಹೇಳಿದರು.

ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಅಣ್ಣನಿಗೂ ಗಡ್ಡೆ, ತಮ್ಮನ ಮಗಳಿಗೂ ಗಡ್ಡೆ, ಇಬ್ಬರ ಮನೆಯ ನಡುವೆ ಟವರ್. ಡೇರಿ ಮುಂದೆ ರಾಮಲಿಂಗಯ್ಯ ಸಭೆ ಕರೆದ. ಟವರ್ ಕೀಳಿಸಬೇಕೆಂದು ಅವನು ಮಾತಾಡಿದ ಧಾಟಿ ಅನಂತರಾಜುವಿನದೇ ಆಗಿತ್ತು, ಕೈಬೀಸು, ಕೆಮ್ಮು ಸಮೇತ. ಅನಂತರಾಜು ಎದ್ದು ನಿಂತ.

"ಇದು ನಮ್ ವಂಸದಾಗೆ ಬಂದಿರೋದು ಕಣ್ರಪ್ಪ. ನಮ್ಮಪ್ಪನ್ಗೂ ಇತ್ತು, ಆಗ ಟವರ್ರೂ ಇರ್ಲಿಲ್ಲ, ಕರೆಂಟೂ ಇರ್ಲಿಲ್ಲ. ನಾನ್ ಅವತ್ತು ಯೋಳಿದ್ದೆಲ್ಲ ಸುಳ್ಳು. ನಂಗೇನೂ ಗೊತ್ತಿರ್ಲಿಲ್ಲ. ತಮ್ಮನ್ ಹೊಲದಾಗೆ ಬಂತು ಅಂತ ಒಟ್ಟೆ ಉರೀತು, ಅಷ್ಟೇಯ."

ಇಷ್ಟು ಹೇಳಲು ಅವನಿಗೆ ಬಹಳ ಕಷ್ಟವಾಗಿತ್ತು. ಹಿಂದಿನಿಂದ ಯಾರೋ ಅಂದರು: "ಕಂಪ್ನಿಯೋರು ಮೆಂಬ್ರನ್ನೂ ಬುಕ್ ಮಾಡವ್ರೆ."

"ಅದ್ಕೇ ನೋಡಿ, ಅಣ್ಣತಮ್ಮ ಈಗ ಒಂದಾಗವ್ರೆ," ಅಂದ ಇನ್ನೊಬ್ಬ.

ರಾಮಲಿಂಗಯ್ಯ ಅನುಕಂಪದಿಂದ ಅನಂತರಾಜುವಿನ ಹೆಗಲ ಮೇಲೆ ಕೈಯಿಡಲು ಹೋಗಿ, ನೆನಪಾಗಿ, ಹಿಂದಕ್ಕೆಳೆದುಕೊಂಡ. ಅರ್ಜಿ ಬರೆಯುವುದೆಂದು ತೀರ್ಮಾನವಾಯಿತು. ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ಸಭೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿದರು.

ಅರ್ಜಿ ಇನ್ನೂ ಓಡಾಡುತ್ತಿದೆ. ಅಣ್ಣತಮ್ಮಂದಿರು ಆಸ್ಪತ್ರೆಗೆ ಹೋಗುವ ದಿನ ಈಗ ಒಂದೇ ಬಸ್ಸಿಗೆ ಹೋಗುತ್ತಾರೆ. ಮೊದಲ ಸಲ ಹಾರೋಹಳ್ಳಿ ದಾಟುವವರೆಗೂ ಇಬ್ಬರೂ ಮಾತಾಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಲತಾಮಣಿಯೂ ನವ್ಯಶ್ರೀಯೂ ಅವರಿಬ್ಬರನ್ನೇ ನೋಡುತ್ತಿದ್ದರು. ಆಗ ಅಶ್ವಥ್ ಎದ್ದು ನಿಂತ.

"ಈ ಕಡೀಕ್ ಬಾ ಅಣ್ಣ. ಕಿಟ್ಕಿ ಗಾಳಿ ಕಣ್ಗೆ ಬಡೀತದೆ."

"ಏನೂ ಆಗಕಿಲ್ಲ ಸುಮ್ಕಿರ್ಲಾ. ನಂಗೊತ್ತಿಲ್ವಾ?"

"ಏನ್ ಗೊತ್ತು ನಿಂಗೆ? ಬಾ ಅಂದ್ರೆ ಬರ್ಬೇಕು."

"ಸಣ್ಣೋನ್ ನೀನು, ನಂಗ್ ಯೋಳ್ಬ್ಯಾಡ."

ಕಗ್ಗಲೀಪುರದ ಹೊತ್ತಿಗೆ ಜಗಳ ಜೋರಾಗಿ, ಕಂಡಕ್ಟರ್ ಬಂದು ಇಬ್ಬರನ್ನೂ ಗದರಿಸಿದ. ಲತಾಮಣಿ ಚೀಲದಿಂದ ಚಕ್ಕುಲಿ ತೆಗೆದು ನವ್ಯಶ್ರೀಗೆ ಕೊಟ್ಟು, ತಾನೂ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.